ಕಂಪ್ಯೂಟರ್ ಲ್ಯಾಬಿನ ತಪ್ಪಿಗೆ ಮಕ್ಕಳಿಗೆ ಜೈಲಿನ ಹೆದರಿಕೆ ಹಾಕಬೇಡಿ: ರಾಯಚೂರು ಜಿಲ್ಲೆಯ ಶಿಕ್ಷಣ ಅಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ರಾಯಚೂರು,
ಹಾಗೂ ಜಿಲ್ಲೆಯ ಎಲ್ಲ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಪ್ರೌಢಶಾಲೆಗಳ ಮುಖ್ಯಗುರುಗಳು ಮತ್ತು ಆಡಳಿತ ಮಂಡಳಿಯವರಿಗೆ.

ವಿಷಯ: ಶಾಲೆಯ ಕಂಪ್ಯೂಟರ್ ಬಳಕೆಗೆ ಬರಹದಲ್ಲಿ ನಿಯಮ ಮಾಡುವ ಬಗ್ಗೆ, ಮತ್ತು ಮಕ್ಕಳ ಸಣ್ಣ ತಪ್ಪಿಗೆ ಸೈಬರ್ ಕಾನೂನಿನ ಬೆದರಿಕೆ ಹಾಕುವುದನ್ನು ನಿಲ್ಲಿಸುವ ಬಗ್ಗೆ.

ಮಾನ್ಯರೇ,

ನಾನು ಸಿಂಧನೂರಿನಲ್ಲಿ ಹನ್ನೊಂದು ವರ್ಷದಿಂದ ಝೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ ನಡೆಸುತ್ತಿದ್ದೇನೆ. ಪಹಣಿ ತೆಗೆದುಕೊಡುವುದು, ಜಾತಿ-ಆದಾಯದ ಅರ್ಜಿ, 371-ಜೆ ಪ್ರಮಾಣಪತ್ರ, ಬೆಳೆ ವಿಮೆ, ಮಕ್ಕಳ ವಿದ್ಯಾರ್ಥಿವೇತನ, ಇದು ನನ್ನ ದಿನದ ಕೆಲಸ. ಓದಿದ್ದು ಪಿಯುಸಿ. ಕಾನೂನು ಓದಿದವನಲ್ಲ. ಆದರೆ ಹೋದ ನವೆಂಬರ್‌ನಿಂದ ಈಚೆಗೆ, ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಕೂತು ಎರಡು ಕಾಯ್ದೆಗಳನ್ನು ಸಾಲು ಸಾಲಾಗಿ ಓದಿದ್ದೇನೆ. ಓದಲೇಬೇಕಾಗಿ ಬಂತು. ಕಾರಣ ನನ್ನ ಅಕ್ಕನ ಮಗ.

ಶಾಲೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಹುಡುಗನ ಹೆಸರೂ ಬೇಡ. ಒಂದು ಶಾಲೆಯ ಮರ್ಯಾದೆ ತೆಗೆಯಬೇಕು ಅಂತ ಈ ಪತ್ರ ಬರೆಯುತ್ತಿಲ್ಲ. ನನ್ನ ಅಂಗಡಿಗೆ ಬರುವ ತಂದೆ ತಾಯಂದಿರ ಹತ್ತಿರ ಈ ವಿಷಯ ತೆಗೆದಾಗ, ಬೇರೆ ಬೇರೆ ಊರಿನ ಐದಾರು ಜನ ಇಂಥದ್ದೇ ಮಾತು ಹೇಳಿದರು. 'ನಮ್ಮ ಹುಡುಗಗೂ ಸೈಬರ್ ಕೇಸ್ ಹಾಕ್ತೀವಿ ಅಂದಿದ್ರು' ಅಂದರು. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಹುಡುಗ ಒಂಬತ್ತನೇ ತರಗತಿ. ಶಾಲೆಯ ಲ್ಯಾಬಿನಲ್ಲಿ ಹದಿನಾಲ್ಕು ಕಂಪ್ಯೂಟರ್ ಇವೆ. ಅಂದು ನಡೆಯುತ್ತಿದ್ದದ್ದು ಐದು. ಒಂದೊಂದಕ್ಕೆ ನಾಲ್ಕೈದು ಮಕ್ಕಳು. ಇವನ ಗುಂಪು ಕೂತ ಕಂಪ್ಯೂಟರ್ ನಡುವೆಯೇ ಬಂದ್ ಆಯಿತು. ಆಗ ಸರ್ ಕೈ ತೋರಿಸಿ 'ಆ ಕಡೆ ಕೂಡ್ರಿ' ಅಂದರು. ಆ ಕಡೆ ಇದ್ದದ್ದು ಸರ್ ಬಳಸುವ ಕಂಪ್ಯೂಟರ್. ಅದರ ಪರದೆಯ ಕೆಳಗೆ ಒಂದು ಚೀಟಿ ಅಂಟಿಸಿತ್ತು. ಚೀಟಿಯಲ್ಲಿ ಪಾಸ್‌ವರ್ಡ್. ಶಾಲೆಯ ಹೆಸರು, ಮುಂದೆ ಒಂದು ಎರಡು ಮೂರು.

ಸರ್ ಹೊರಗೆ ಹೋದಾಗ ಹುಡುಗ ಅದನ್ನು ಹೊಡೆದ. ಒಳಗೆ ತರಗತಿಯ ಹೆಸರಿನ ಫೋಲ್ಡರ್ ಇತ್ತು. ಅದರಲ್ಲಿ ಮಧ್ಯವಾರ್ಷಿಕ ಪರೀಕ್ಷೆಯ ಅಂಕಗಳ ಎಕ್ಸೆಲ್ ಹಾಳೆ. ಇನ್ನೂ ಮಕ್ಕಳಿಗೆ ಹೇಳಿರಲಿಲ್ಲ. ಇವನು ತನ್ನದು ನೋಡಿದ, ಗೆಳೆಯರದು ನೋಡಿದ, ಒಬ್ಬ ಹುಡುಗಿಯದೂ ನೋಡಿದ. ಒಂದು ಅಂಕ ಬದಲಾಯಿಸಲಿಲ್ಲ. ಪೆನ್‌ಡ್ರೈವ್ ಹಾಕಲಿಲ್ಲ. ಫೋಟೋ ತೆಗೆಯಲಿಲ್ಲ, ಅವನ ಹತ್ತಿರ ಮೊಬೈಲ್ ಇರಲೇ ಇಲ್ಲ. ಆದರೆ ಹೊರಗೆ ಬಂದು ಅಂಕಗಳನ್ನು ಬಾಯಿಬಿಟ್ಟ. ಆ ಹುಡುಗಿಗೆ ಗಣಿತದಲ್ಲಿ ಕಡಿಮೆ ಬಂದಿತ್ತು. ಹುಡುಗರು ಅವಳನ್ನು ಆಡಿಕೊಂಡರು. ಅವಳು ಎರಡು ದಿನ ಶಾಲೆಗೆ ಬರಲಿಲ್ಲ.

ಇದು ತಪ್ಪು. ನನ್ನ ಅಳಿಯ ಅಂತ ನಾನು ಮುಚ್ಚಿಡುವುದಿಲ್ಲ. ಬೇರೆಯವರ ಅಂಕ ನೋಡುವ ಹಕ್ಕು ಅವನಿಗೆ ಇರಲಿಲ್ಲ. ಆ ಹುಡುಗಿಗೆ ಆದ ನೋವು ಸಣ್ಣದಲ್ಲ. ಅಕ್ಕ ಅವನನ್ನು ಕರೆದುಕೊಂಡು ಆ ಮನೆಗೆ ಹೋಗಿದ್ದಳು. ಹುಡುಗಿಯ ತಾಯಿಯ ಮುಂದೆ ಅವನು ತಪ್ಪಾಯ್ತು ಅಂದ. ಅವರು ದೊಡ್ಡ ಮನಸ್ಸು ಮಾಡಿ ಚಹಾ ಕೊಟ್ಟು ಕಳಿಸಿದರು. ಎರಡು ಮನೆಗಳ ನಡುವೆ ಅದು ಅಲ್ಲಿಗೆ ಮುಗಿಯಿತು.

ಶಾಲೆಯಲ್ಲಿ ಮುಗಿಯಲಿಲ್ಲ. ಹುಡುಗನನ್ನು ಆಫೀಸಿಗೆ ಕರೆದು ಎರಡು ತಾಸು ನಿಲ್ಲಿಸಿದರು. 'ಯಾರು ಕಲಿಸಿಕೊಟ್ಟರು? ಯಾವ ಆ್ಯಪ್‌ನಲ್ಲಿ ಕಲಿತೆ?' ಅಂತ ಕೇಳಿದರು. ಕಲಿಸುವುದಕ್ಕೆ ಏನಿತ್ತು ಅಲ್ಲಿ? ಚೀಟಿ ಓದಲು ಬಂದರೆ ಸಾಕಿತ್ತು. ಕೊನೆಗೆ ಅವನ ಕೈಯಲ್ಲಿ ಒಂದು ಪತ್ರ ಬರೆಸಿದರು. ವಾಕ್ಯ ಅವರೇ ಹೇಳಿದರು, ಅವನು ಬರೆದ: 'ನಾನು ಶಾಲೆಯ ಕಂಪ್ಯೂಟರ್ ಹ್ಯಾಕ್ ಮಾಡಿ ಮಾಹಿತಿ ಕದ್ದಿದ್ದೇನೆ.' ಮಾರನೇ ದಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲ ಮಕ್ಕಳ ಮುಂದೆ ನಿಲ್ಲಿಸಿ ಆ ಪತ್ರ ಓದಿಸಿದರು. ಯಾರೋ ಅದನ್ನು ಮೊಬೈಲ್‌ನಲ್ಲಿ ಹಿಡಿದು ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಅಲ್ಲಿಂದ ಅದು ಊರಿನ ಗ್ರೂಪುಗಳಿಗೆ ಹೋಯಿತು. ಕೆಳಗೆ 'ನಮ್ಮೂರ ಹ್ಯಾಕರ್' ಅಂತ ಬರೆದಿತ್ತು.

ಅಕ್ಕನನ್ನು ಕರೆಸಿ ಒಂದು ಟೈಪ್ ಮಾಡಿದ ಹಾಳೆ ತೋರಿಸಿದರು. ಅದರಲ್ಲಿ 'ಮಾಹಿತಿ ತಂತ್ರಜ್ಞಾನ ಕಾಯ್ದೆ ಕಲಂ 66ಎ ಪ್ರಕಾರ ಮೂರು ವರ್ಷ ಜೈಲು' ಅಂತ ಇತ್ತು. ನೀವೇ ಅರ್ಜಿ ಕೊಟ್ಟು ಟಿ.ಸಿ. ತೆಗೆದುಕೊಂಡು ಹೋಗಿ, ಇಲ್ಲದಿದ್ದರೆ ಸೈಬರ್ ಠಾಣೆಗೆ ಕೊಡುತ್ತೇವೆ ಅಂದರು. ಅಕ್ಕ ನಾಟಿ ಹಚ್ಚಲು, ಕಳೆ ತೆಗೆಯಲು ಹೋಗುವವಳು. ಸಹಿ ಮಾಡಲಷ್ಟೇ ಕಲಿತಿದ್ದಾಳೆ. ಮಾಡಿದಳು. ಅಲ್ಲಿಂದ ಸೀದಾ ನನ್ನ ಅಂಗಡಿಗೆ ಬಂದಳು.

'ತಮ್ಮಾ, ಮೂರು ವರ್ಷ ಒಳಗ ಹಾಕ್ತಾರಂತ. ಇವಗ ಈಗ ಹದಿನಾಲ್ಕು ತುಂಬ್ಯಾವ. ಕಂಪ್ಯೂಟರ್‌ದಾಗ ನೋಡೋ, ಖರೇನ?'

ನೋಡಿದೆ ಮಾನ್ಯರೇ. ಮೊದಲು ಕಂಡದ್ದೇ ನನಗೆ ನಂಬಲಾಗಲಿಲ್ಲ. ಆ ಹಾಳೆಯಲ್ಲಿದ್ದ 66ಎ ಕಲಂ ಈಗ ಇಲ್ಲವೇ ಇಲ್ಲ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಅದನ್ನು ರದ್ದು ಮಾಡಿದೆ. ರದ್ದಾದ ಮೇಲೂ ಅದರಡಿ ಕೇಸು ಹಾಕುವುದು ನಿಲ್ಲದೆ, 2022ರ ಅಕ್ಟೋಬರ್‌ನಲ್ಲಿ ಅದೇ ಕೋರ್ಟು ಇನ್ನೊಮ್ಮೆ ಆದೇಶ ಮಾಡಬೇಕಾಯಿತು. ಅಷ್ಟೇ ಅಲ್ಲ, ಆ ಕಲಂ ಇದ್ದಾಗಲೂ ಅದು ಬೇರೆಯವರಿಗೆ ಕಿರಿಕಿರಿಯ ಅಥವಾ ಬೆದರಿಕೆಯ ಸಂದೇಶ ಕಳಿಸುವುದರ ಬಗ್ಗೆ ಇತ್ತು. ಪಾಸ್‌ವರ್ಡ್ ಹೊಡೆದು ಹಾಳೆ ನೋಡುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಸತ್ತ ಕಾನೂನಿನ ಹೆಸರಲ್ಲಿ ಒಬ್ಬ ತಾಯಿಯನ್ನು ಹೆದರಿಸಿ ಸಹಿ ಹಾಕಿಸಿಕೊಂಡರು.

ಹಾಗಾದರೆ ಬದುಕಿರುವ ಕಾನೂನು ಏನು ಹೇಳುತ್ತದೆ? ಇಲ್ಲಿ ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ದಯವಿಟ್ಟು ಓದಿ. ಯಾಕಂದರೆ ಲ್ಯಾಬಿಗೆ ಬರುವ ಪ್ರತಿ ಮಗುವಿಗೂ ಇದು ಸಂಬಂಧಪಟ್ಟದ್ದು.

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದಲ್ಲಿ ಬಂತು, 2008ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಅದರ 43ನೇ ಕಲಂ ಹೀಗಿದೆ. ಕಂಪ್ಯೂಟರಿನ ಮಾಲೀಕರು ಅಥವಾ ಅದನ್ನು ನೋಡಿಕೊಳ್ಳುವವರ ಅನುಮತಿ ಇಲ್ಲದೆ ಯಾರಾದರೂ ಅದರೊಳಗೆ ಹೋದರೆ, ಮಾಹಿತಿ ಇಳಿಸಿಕೊಂಡರೆ, ವೈರಸ್ ಬಿಟ್ಟರೆ, ಕೆಡಿಸಿದರೆ, ನಷ್ಟಕ್ಕೆ ಪರಿಹಾರ ಕೊಡಬೇಕು. ಇದು ಪರಿಹಾರದ ಕಲಂ, ಜೈಲಿನದ್ದಲ್ಲ. ಪರಿಹಾರ ಎಷ್ಟು ಅಂತ ನಿರ್ಧರಿಸುವಾಗ ಮೂರು ಸಂಗತಿ ನೋಡಬೇಕು ಅಂತ 47ನೇ ಕಲಂ ಹೇಳುತ್ತದೆ: ತಪ್ಪು ಮಾಡಿದವನಿಗೆ ಎಷ್ಟು ಲಾಭವಾಯಿತು, ಎದುರಿನವರಿಗೆ ಎಷ್ಟು ನಷ್ಟವಾಯಿತು, ಮತ್ತೆ ಮತ್ತೆ ಮಾಡಿದನಾ.

ಜೈಲು ಬರುವುದು 66ನೇ ಕಲಂನಲ್ಲಿ. 43ರಲ್ಲಿ ಹೇಳಿದ ಕೆಲಸವನ್ನೇ 'ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ' ಮಾಡಿದರೆ ಮೂರು ವರ್ಷದವರೆಗೆ ಜೈಲು, ಅಥವಾ ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಬೇರೆಯವರ ಪಾಸ್‌ವರ್ಡ್ ಬಳಸುವುದರ ಬಗ್ಗೆ 66ಸಿ ಇದೆ. ಅಲ್ಲೂ ಅವೇ ಎರಡು ಮಾತು ಇವೆ. ಅಪ್ರಾಮಾಣಿಕ ಅಂದರೆ ಕಾನೂನಿನ ಭಾಷೆಯಲ್ಲಿ ಸುಮ್ನೆ 'ಒಳ್ಳೆಯದಲ್ಲ' ಅಂತ ಅಲ್ಲ. ಒಬ್ಬರಿಗೆ ಅನ್ಯಾಯದ ಲಾಭ ಮಾಡಿಕೊಡಬೇಕು ಅಥವಾ ಇನ್ನೊಬ್ಬರಿಗೆ ಅನ್ಯಾಯದ ನಷ್ಟ ಮಾಡಬೇಕು ಎಂಬ ಉದ್ದೇಶ ಇರಬೇಕು. ತನ್ನ ಅಂಕ ಎಷ್ಟು ಬಂತು ಅಂತ ತಡೆಯಲಾರದೆ ನೋಡಿದ ಹುಡುಗನಲ್ಲಿ ಆ ಉದ್ದೇಶ ಎಲ್ಲಿದೆ? ಕಾಯ್ದೆ ಬರೆದವರು ಈ ಎರಡು ಪದಗಳನ್ನು ಬೇಕೆಂದೇ ಇಟ್ಟಿದ್ದಾರೆ. ಕುತೂಹಲಕ್ಕೂ ಕಳ್ಳತನಕ್ಕೂ ನಡುವಿನ ಗೆರೆ ಅದು. ನಮ್ಮ ಶಾಲೆಗಳು ಆ ಗೆರೆಯನ್ನೇ ಅಳಿಸಿಹಾಕುತ್ತಿವೆ.

ಎರಡನೆಯದು ಬಾಲನ್ಯಾಯ ಕಾಯ್ದೆ, 2015ರದ್ದು. ಹದಿನೆಂಟು ತುಂಬದವರೆಲ್ಲ ಅದರ ಪ್ರಕಾರ ಮಕ್ಕಳು. ಒಂದು ವೇಳೆ ಹುಡುಗ ಮಾಡಿದ್ದು 66ನೇ ಕಲಂನ ಅಪರಾಧವೇ ಅಂತ ಇಟ್ಟುಕೊಳ್ಳೋಣ. ಆಗಲೂ ಏನಾಗುತ್ತದೆ? ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧವನ್ನು ಆ ಕಾಯ್ದೆ ಸಣ್ಣ ಅಪರಾಧ ಅಂತ ಕರೆಯುತ್ತದೆ. ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗೂ ಹಾಕುವಂತಿಲ್ಲ. ಅದನ್ನು ನೋಡಿಕೊಳ್ಳಬೇಕಾದವರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ. ವಿಚಾರಣೆ ಬಾಲನ್ಯಾಯ ಮಂಡಳಿಯಲ್ಲಿ. 2016ರ ಮಾದರಿ ನಿಯಮಗಳ 8ನೇ ನಿಯಮ ಇನ್ನೂ ಸ್ಪಷ್ಟ: ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಇರುವ ಅಪರಾಧ ಅಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದೂ ಅಲ್ಲದಿದ್ದರೆ, ಮಗುವಿನ ಮೇಲೆ ಎಫ್‌ಐಆರ್ ಹಾಕುವಂತಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಮನೆಯ ಪರಿಸ್ಥಿತಿಯ ವರದಿ ಮಾಡಿ ಮಂಡಳಿಗೆ ಕಳಿಸಬೇಕು. ತಪ್ಪು ಮಾಡಿದ್ದು ಹೌದು ಅಂತ ಕಂಡರೆ ಮಂಡಳಿ ಏನೇನು ಮಾಡಬಹುದು ಅಂತ 18ನೇ ಕಲಂನಲ್ಲಿ ಪಟ್ಟಿ ಇದೆ. ಆ ಪಟ್ಟಿಯ ಮೊದಲ ಸಾಲು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮಗುವಿಗೂ ತಂದೆ ತಾಯಿಗೂ ಬುದ್ಧಿ ಹೇಳಿ ಮನೆಗೆ ಕಳಿಸುವುದು.

ಕೋರ್ಟಿನಂಥ ಕೋರ್ಟೇ ಬುದ್ಧಿಮಾತಿನಿಂದ ಶುರು ಮಾಡುತ್ತದೆ. ಶಾಲೆ ಟಿ.ಸಿ.ಯಿಂದ ಶುರು ಮಾಡಿತು.

ಇನ್ನೊಂದು. ವಿಚಾರಣೆಗೆ ಬಂದ ಮಗುವಿನ ಹೆಸರು, ಶಾಲೆ, ಫೋಟೋ ಯಾವ ಮಾಧ್ಯಮದಲ್ಲೂ ಬರಬಾರದು ಅಂತ ಅದೇ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಮೀರಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ನೋಡಿ, ಠಾಣೆಯ ಮೆಟ್ಟಿಲು ಹತ್ತಿದ ಮಗುವಿನ ಮುಖ ಮುಚ್ಚಿಡಬೇಕು. ಠಾಣೆಯನ್ನೇ ನೋಡದ ನಮ್ಮ ಹುಡುಗನ ಮುಖ ಊರಿನ ಎಲ್ಲ ಮೊಬೈಲ್‌ನಲ್ಲಿದೆ.

ಈಗ ಶಾಲೆಯ ನಿಯಮದ ಮಾತಿಗೆ ಬರುತ್ತೇನೆ. ನಾನು ಶಾಲೆಗೆ ಹೋಗಿ, 'ಇವನು ಮುರಿದದ್ದು ಯಾವ ನಿಯಮ? ತೋರಿಸ್ರಿ' ಅಂತ ಕೇಳಿದೆ. ತೋರಿಸಲು ಏನೂ ಇರಲಿಲ್ಲ. ಲ್ಯಾಬಿನ ಬಾಗಿಲಿಗೆ ಇದ್ದದ್ದು ಒಂದೇ ಬೋರ್ಡು, 'ಚಪ್ಪಲಿ ಹೊರಗೆ ಬಿಡಿ' ಅಂತ. ಯಾವ ಕಂಪ್ಯೂಟರ್ ಮುಟ್ಟಬೇಕು, ಯಾವುದು ಮುಟ್ಟಬಾರದು, ಸರ್ ಇಲ್ಲದಾಗ ಏನು ಮಾಡಬೇಕು, ಬೇರೆಯವರ ಫೈಲ್ ಕಂಡರೆ ಏನು ಮಾಡಬೇಕು, ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಮಕ್ಕಳಿಗೆ ಬೇರೆ ಲಾಗಿನ್ ಇಲ್ಲ. 'ಆ ಕಡೆ ಕೂಡ್ರಿ' ಅಂದದ್ದು ಅನುಮತಿಯೋ ಅಲ್ಲವೋ? ಕಾನೂನಿನಲ್ಲಿ ಎಲ್ಲವೂ ಅನುಮತಿ ಎಂಬ ಒಂದು ಪದದ ಮೇಲೆ ನಿಂತಿದೆ. ಆ ಪದಕ್ಕೆ ಶಾಲೆ ಅರ್ಥವನ್ನೇ ಕೊಟ್ಟಿಲ್ಲ.

ಪಾಸ್‌ವರ್ಡಿನ ವಿಷಯದಲ್ಲಿ ದೊಡ್ಡವರು ಹೇಗಿದ್ದೇವೆ ಅಂತ ನನಗೆ ಚೆನ್ನಾಗಿ ಗೊತ್ತು. ನನ್ನ ಅಂಗಡಿಗೆ ಬರುವವರು ಬ್ಯಾಂಕ್ ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಪಿನ್ ಬರೆದಿರುತ್ತಾರೆ. ಊರಲ್ಲಿ ನೆಟ್‌ವರ್ಕ್ ಇಲ್ಲದಾಗ ಶಿಕ್ಷಕರು ಸ್ಯಾಟ್ಸ್ (ಶಾಲಾ ಮಕ್ಕಳ ವಿವರದ ಸರ್ಕಾರಿ ಆನ್‌ಲೈನ್ ದಾಖಲೆ) ಕೆಲಸಕ್ಕೆ ನನ್ನ ಹತ್ತಿರ ಬರುತ್ತಾರೆ. 'ತಗೋರಿ, ನೀವೇ ಹೊಡೀರಿ' ಅಂತ ಶಾಲೆಯ ಐಡಿ, ಪಾಸ್‌ವರ್ಡ್ ನನ್ನ ಕೈಗೆ ಕೊಟ್ಟು ಚಹಾ ಕುಡಿಯಲು ಹೋಗುತ್ತಾರೆ. ಆ ಶಾಲೆಯ ಎಲ್ಲ ಮಕ್ಕಳ ವಿವರ ಒಬ್ಬ ಅಂಗಡಿಯವನ ಮುಂದೆ ತೆರೆದಿರುತ್ತದೆ. ನಾನೂ ಹೊಡೆದುಕೊಟ್ಟಿದ್ದೇನೆ. ಅದು ತಪ್ಪು ಅಂತ ಈ ಪ್ರಕರಣ ಆಗುವವರೆಗೆ ನನಗೂ ಹೊಳೆದಿರಲಿಲ್ಲ. ಈಗ ಶಿಕ್ಷಕರಿಗೇ ಕುರ್ಚಿ ಕೊಟ್ಟು ಅವರ ಕೈಯಲ್ಲೇ ಹೊಡೆಸುತ್ತೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ, ಆನ್‌ಲೈನ್ ದಾಖಲೆ, ಎಲ್ಲ ಅವರ ತಲೆ ಮೇಲೆ. ಲ್ಯಾಬಿನ ಆ ಸರ್ ಕೂಡ ಕಡಿಮೆ ಸಂಬಳಕ್ಕೆ ಎರಡು ಶಾಲೆ ನೋಡುವವರು. ಚೀಟಿ ಅಂಟಿಸಿದ್ದು ಮರೆವಿಗೆ ಹೆದರಿ. ದೊಡ್ಡವರ ಮರೆವನ್ನು ನಾವು ಅರ್ಥ ಮಾಡಿಕೊಳ್ಳುತ್ತೇವೆ. ಮಗುವಿನ ಕುತೂಹಲವನ್ನೂ ಅರ್ಥ ಮಾಡಿಕೊಳ್ಳಬೇಕಲ್ವಾ?

ನಮ್ಮ ಊರಲ್ಲಿ ಮಾತ್ರ ಹೀಗೆ ಅಂದುಕೊಂಡಿದ್ದೆ. ಹುಡುಕುತ್ತಾ ಹೋದಾಗ ಅಮೆರಿಕದ ಒಂದು ಕಥೆ ಸಿಕ್ಕಿತು. ಪೆನ್ಸಿಲ್ವೇನಿಯಾ ರಾಜ್ಯದ ಕುಟ್ಜ್‌ಟೌನ್ ಎಂಬ ಊರಿನ ಹೈಸ್ಕೂಲು. ಅಲ್ಲಿ ಸುಮಾರು 600 ಮಕ್ಕಳಿಗೆ ಶಾಲೆಯೇ ಲ್ಯಾಪ್‌ಟಾಪ್ ಕೊಟ್ಟಿತ್ತು. ಎಲ್ಲ ಬೀಗ ತೆಗೆಯುವ ಮುಖ್ಯ ಪಾಸ್‌ವರ್ಡ್ ಎಲ್ಲಿತ್ತು ಗೊತ್ತಾ? ಲ್ಯಾಪ್‌ಟಾಪಿನ ಹಿಂಬದಿಗೆ ಅಂಟಿಸಿತ್ತು. ಮಕ್ಕಳು ಅದನ್ನು ಬಳಸಿ ಚಾಟಿಂಗ್ ಹಾಕಿಕೊಂಡರು, ಶಾಲೆಯ ತಡೆಗಳನ್ನು ತೆಗೆದರು. ಅಲ್ಲಿನ ಶಾಲೆ ಮೊದಲು ಎಚ್ಚರಿಕೆ ಕೊಟ್ಟಿತು, ಕೆಲವರನ್ನು ಕೆಲ ದಿನ ಹೊರಗಿಟ್ಟಿತು. ಆಮೇಲೆ ಪೊಲೀಸರಿಗೆ ಕೊಟ್ಟಿತು. 2005ರಲ್ಲಿ 13 ಮಕ್ಕಳ ಮೇಲೆ ಗಂಭೀರ ಕಂಪ್ಯೂಟರ್ ಅಪರಾಧದ ಆರೋಪ ಬಂತು. ದೇಶವೆಲ್ಲ ಅದರ ಬಗ್ಗೆ ಮಾತಾಡಿತು. ಕೊನೆಗೆ 15 ತಾಸು ಸಮುದಾಯ ಸೇವೆ, ಒಂದು ಕ್ಷಮಾಪಣೆ ಪತ್ರ ಮುಂತಾದ ಷರತ್ತುಗಳಿಗೆ ಆರೋಪ ಕೈಬಿಡಲು ಸರ್ಕಾರಿ ವಕೀಲರು ಒಪ್ಪಿದರು. ಆ 15 ತಾಸಿನ ಕೆಲಸವನ್ನು ಶಾಲೆಯೇ ಮೊದಲ ದಿನ ಕೊಡಬಹುದಿತ್ತು. ಪೊಲೀಸ್, ಕೋರ್ಟು, ಪೇಪರ್ ಎಲ್ಲ ಬೇಕಿರಲಿಲ್ಲ.

ನಿಯಮ ಮುರಿಯುವುದೇ ಬೇರೆ, ಅಪರಾಧವೇ ಬೇರೆ ಎಂಬುದನ್ನು ಅದೇ ದೇಶದ ಸುಪ್ರೀಂ ಕೋರ್ಟು 2021ರ ಜೂನ್‌ನಲ್ಲಿ ಇನ್ನೊಂದು ರೀತಿ ಹೇಳಿತು. ವ್ಯಾನ್ ಬ್ಯೂರೆನ್ ಎಂಬ ಪೊಲೀಸ್ ಅಧಿಕಾರಿ ದುಡ್ಡಿನ ಆಸೆಗೆ ಇಲಾಖೆಯ ಕಂಪ್ಯೂಟರ್‌ನಲ್ಲಿ ಒಂದು ಗಾಡಿಯ ನಂಬರ್ ಹುಡುಕಿದ್ದ. ಅವನಿಗೆ ಆ ಕಂಪ್ಯೂಟರ್ ಬಳಸಲು ಅನುಮತಿ ಇತ್ತು, ಬಳಸಿದ ಉದ್ದೇಶ ಮಾತ್ರ ತಪ್ಪು. ಅದು ಇಲಾಖೆಯ ನಿಯಮ ಮುರಿದದ್ದು ಹೌದು, ಆದರೆ 1986ರ ಕಂಪ್ಯೂಟರ್ ಕಾಯ್ದೆಯ ಅಪರಾಧ ಅಲ್ಲ ಎಂದಿತು ಕೋರ್ಟು. ಹಾಗೆ ನೋಡಿದರೆ ಆಫೀಸಿನ ಕಂಪ್ಯೂಟರ್‌ನಲ್ಲಿ ಸ್ವಂತ ಇಮೇಲ್ ಕಳಿಸಿದವರೆಲ್ಲ ಅಪರಾಧಿಗಳಾಗಬೇಕಾಗುತ್ತದೆ ಎಂದಿತು. ಆ ತೀರ್ಪು ನಮ್ಮಲ್ಲಿ ನಡೆಯುವುದಿಲ್ಲ, ಗೊತ್ತಿದೆ. ನಮ್ಮ ಹುಡುಗನಿಗೆ ಆ ಹಾಳೆ ತೆರೆಯುವ ಅನುಮತಿಯೂ ಇರಲಿಲ್ಲ, ಅದನ್ನೂ ಒಪ್ಪುತ್ತೇನೆ. ನಾನು ಕೇಳುವುದು ಆ ವಿವೇಕವನ್ನು.

ಹಾಗಂತ ಮಕ್ಕಳು ಏನು ಮಾಡಿದರೂ ಬಿಡಿ ಅಂತ ನಾನು ಹೇಳುವುದಿಲ್ಲ. ನಿಜವಾದ ಸೈಬರ್ ಅಪರಾಧ ಏನು ಅಂತ ನನಗೆ ಗೊತ್ತು. ಭತ್ತ ಮಾರಿದ ದುಡ್ಡು ಒಂದು ಒಟಿಪಿಗೆ ಹೋಗಿ, ಅಂಗಡಿಯ ಬೆಂಚಿನ ಮೇಲೆ ಕೂತು ಅತ್ತ ರೈತರನ್ನು ನೋಡಿದ್ದೇನೆ. ಅವರ ಮೊಬೈಲ್‌ನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿಕೊಟ್ಟಿದ್ದೇನೆ. ಯಾರಾದರೂ ದುಡ್ಡು ತೆಗೆದುಕೊಂಡು ಅಂಕ ತಿದ್ದಿದರೆ, ಹುಡುಗಿಯರ ಫೋಟೋ ಕದ್ದು ಹೆದರಿಸಿದರೆ, ಶಿಕ್ಷಕರ ಹೆಸರಲ್ಲಿ ಖಾತೆ ತೆರೆದು ಮೋಸ ಮಾಡಿದರೆ, ಶಾಲೆ ಪೊಲೀಸರ ಹತ್ತಿರ ಹೋಗಲೇಬೇಕು. ಆಗಲೂ ಬಾಲನ್ಯಾಯ ಕಾಯ್ದೆಯ ದಾರಿಯಲ್ಲೇ ಹೋಗಬೇಕು. ಆ ಮೋಸಗಾರರಿಗೂ ಈ ಹುಡುಗನಿಗೂ ಒಂದೇ ಹೆಸರು ಇಡಬೇಡಿ ಅಂತ ಅಷ್ಟೇ ಕೇಳುತ್ತಿದ್ದೇನೆ.

ಶಾಲೆಯಿಂದ ಹೊರಗೆ ಹಾಕುವುದರ ಬಗ್ಗೆಯೂ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ತೆಗೆದುಹಾಕುವಂತಿಲ್ಲ. 17ನೇ ಕಲಂ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ನಮ್ಮ ಹುಡುಗ ಒಂಬತ್ತನೇ ತರಗತಿ. ಒಂದೇ ವರ್ಷದ ಅಂತರದಲ್ಲಿ ಆ ನೆರಳು ಅವನ ತಲೆ ಮೇಲಿಂದ ಸರಿದುಹೋಯಿತು. ನಮ್ಮ ಭಾಗದಲ್ಲಿ ಮಕ್ಕಳು ಜಾಸ್ತಿ ಶಾಲೆ ಬಿಡುವುದೂ ಇದೇ ವಯಸ್ಸಿನಲ್ಲಿ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದುಡಿಯಲು ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಈ ವಯಸ್ಸಿನ ಹುಡುಗರು ಕಾಣುತ್ತಾರೆ. ಒಂದು ಟಿ.ಸಿ. ಸಾಕು, ಇನ್ನೊಬ್ಬ ಅವರ ಜೊತೆ ಹತ್ತಲು. ಅದರಲ್ಲೂ ಇವನ ಟಿ.ಸಿ.ಯಲ್ಲಿ ನಡತೆಯ ಜಾಗದಲ್ಲಿ 'ತೃಪ್ತಿಕರವಲ್ಲ' ಅಂತ ಬರೆದಿದ್ದಾರೆ. ವರ್ಷದ ನಡುವೆ ಅದನ್ನು ಹಿಡಿದು ಮೂರು ಶಾಲೆಗೆ ಹೋದೆವು. ಮೂವರೂ ಆ ಸಾಲು ಓದಿ ಹಾಳೆ ವಾಪಸ್ ಕೊಟ್ಟರು.

ಏಳು ವಾರದಿಂದ ಅವನು ನನ್ನ ಅಂಗಡಿಯಲ್ಲಿ ಕೂರುತ್ತಿದ್ದಾನೆ. ಝೆರಾಕ್ಸ್ ಹಾಳೆ ಜೋಡಿಸುತ್ತಾನೆ, ಲ್ಯಾಮಿನೇಷನ್ ಮಾಡುತ್ತಾನೆ. ಒಳ್ಳೆ ಕೈ. ಆದರೆ ಮೌಸ್ ಸರಿಸಬೇಕಾದರೂ 'ಮಾಮಾ, ಮುಟ್ಲ್ಯಾ?' ಅಂತ ಕೇಳುತ್ತಾನೆ. ಅಂಗಡಿಯಲ್ಲಿ ಗಿರಾಕಿ ಇದ್ದರೆ ಕೇಳುವುದೂ ಇಲ್ಲ, ದೂರ ನಿಲ್ಲುತ್ತಾನೆ. ಕಂಪ್ಯೂಟರ್ ಕಲಿತು ಏನಾದರೂ ಆಗುತ್ತೇನೆ ಅನ್ನುತ್ತಿದ್ದ ಹುಡುಗ.

ಮಾನ್ಯ ಉಪನಿರ್ದೇಶಕರೇ, ಈಗ ನನ್ನ ಬೇಡಿಕೆಗಳನ್ನು ಹೇಳುತ್ತೇನೆ. ಇವು ಯಾವುದಕ್ಕೂ ದೊಡ್ಡ ಅನುದಾನ ಬೇಡ.

ಮೊದಲನೆಯದು, ಜಿಲ್ಲೆಯ ಪ್ರತಿ ಪ್ರೌಢಶಾಲೆಯಲ್ಲಿ, ಸರ್ಕಾರಿ, ಅನುದಾನಿತ, ಖಾಸಗಿ ಅಂತ ನೋಡದೆ, ಕಂಪ್ಯೂಟರ್ ಬಳಕೆಯ ನಿಯಮಗಳನ್ನು ಸರಳ ಕನ್ನಡದಲ್ಲಿ ಬರೆದು ಲ್ಯಾಬಿನ ಗೋಡೆಗೆ ಹಾಕುವಂತೆ ಸುತ್ತೋಲೆ ಹೊರಡಿಸಿ. ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ಮಕ್ಕಳಿಗೂ ಪೋಷಕರ ಸಭೆಯಲ್ಲೂ ಓದಿ ಹೇಳಬೇಕು. ಓದಲು ಬಾರದ ನನ್ನ ಅಕ್ಕನಂಥವರಿಗೂ ತಿಳಿಯಬೇಕು. ನಿಯಮ ಶಿಕ್ಷಕರಿಗೂ ಇರಬೇಕು: ಪಾಸ್‌ವರ್ಡ್ ಚೀಟಿ ಅಂಟಿಸಬಾರದು, ಅಂಕಗಳ ಫೈಲ್ ಮಕ್ಕಳು ಕೂರುವ ಕಂಪ್ಯೂಟರ್‌ನಲ್ಲಿ ಇಡಬಾರದು, ಮಕ್ಕಳಿಗೆ ಬೇರೆಯೇ ಲಾಗಿನ್ ಮಾಡಿಕೊಡಬೇಕು. ವಿಂಡೋಸ್ ಇರಲಿ, ಉಬುಂಟು ಇರಲಿ, ಬೇರೆ ಲಾಗಿನ್ ಮಾಡಲು ಹತ್ತು ನಿಮಿಷ ಸಾಕು. ಬೇಕಾದರೆ ನಾನೇ ಬಂದು ಮಾಡಿಕೊಡುತ್ತೇನೆ.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ತಪ್ಪು ಆದಾಗ ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಮೊದಲು ಕೂರಿಸಿ ಮಾತಾಡಿ. ಆಮೇಲೆ ಪೋಷಕರನ್ನು ಕರೆಸಿ. ಬೇಕಾದರೆ ಆ ಮಗುವಿಗೆ ಕೆಲವು ವಾರ ಲ್ಯಾಬ್ ಬಂದ್ ಮಾಡಿ, ಅಥವಾ ಲ್ಯಾಬಿನ ಕೆಲಸ ಕೊಡಿ. ಯಾರಿಗೆ ನೋವಾಗಿದೆಯೋ ಅವರ ಹತ್ತಿರ ಕ್ಷಮೆ ಕೇಳಿಸಿ, ಊರ ಮುಂದೆ ಅಲ್ಲ. ಹ್ಯಾಕ್ ಮಾಡಿದೆ, ಕದ್ದೆ ಅಂತ ಮಗುವಿನ ಕೈಯಲ್ಲಿ ಬರೆಸಬೇಡಿ. ಹೆದರಿದ ಮಗು ನೀವು ಹೇಳಿದ್ದನ್ನೆಲ್ಲ ಬರೆಯುತ್ತದೆ. ಪ್ರಾರ್ಥನೆಯ ಜಾಗದಲ್ಲಿ ನಿಲ್ಲಿಸುವುದು, ವಿಡಿಯೋ ಮಾಡುವುದು ಪೂರ್ತಿ ನಿಲ್ಲಬೇಕು. ಪೋಷಕರಿಂದ ಒತ್ತಾಯದ ಟಿ.ಸಿ. ಅರ್ಜಿ ಬರೆಸಿಕೊಳ್ಳುವುದೂ ನಿಲ್ಲಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ತಿಳಿಸದೆ ಶಿಸ್ತಿನ ಕಾರಣಕ್ಕೆ ಯಾವ ಟಿ.ಸಿ.ಯೂ ಹೊರಬೀಳದ ಹಾಗೆ ಮಾಡಿ.

ಪೊಲೀಸರ ಹತ್ತಿರ ಹೋಗಬೇಕೋ ಬೇಡವೋ ಎಂಬುದನ್ನು ಒಬ್ಬ ಮುಖ್ಯಗುರುವಿನ ಸಿಟ್ಟಿಗೆ ಬಿಡಬೇಡಿ. ನಷ್ಟ ಏನು, ಉದ್ದೇಶ ಏನು ಅಂತ ನೋಡಿ ನಿಮ್ಮ ಕಚೇರಿ ಹೇಳಲಿ. ಜಿಲ್ಲೆಯ ಬಾಲನ್ಯಾಯ ಮಂಡಳಿಯವರನ್ನೋ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗಳನ್ನೋ ಕರೆಸಿ ಮುಖ್ಯಗುರುಗಳಿಗೆ ಒಂದು ದಿನದ ತರಬೇತಿ ಕೊಡಿಸಿ. ಆ 66ಎ ಹಾಳೆ ಯಾವ ಶಾಲೆಯ ಫೈಲಿನಲ್ಲಿದ್ದರೂ ಅಂದೇ ಹರಿದು ಹಾಕಲಿ.

ಇನ್ನೊಂದು ಕೇಳುತ್ತೇನೆ. ಪಾಸ್‌ವರ್ಡ್ ಹೊರಗೆ ಕಂಡಿದ್ದನ್ನೋ, ಫೈಲ್ ತೆರೆದಿದ್ದನ್ನೋ ಒಂದು ಮಗು ತಾನಾಗಿ ಬಂದು ಹೇಳಿದರೆ ಅದಕ್ಕೆ ಶಿಕ್ಷೆ ಬೇಡ. ಶಹಬ್ಬಾಸ್ ಅನ್ನಿ. ಕಂಪ್ಯೂಟರ್‌ನಲ್ಲಿ ತೂತು ಕಂಡವರು ಬಂದು ಹೇಳಲಿ ಅಂತ ನಮ್ಮ ದೇಶದ ಕಂಪ್ಯೂಟರ್ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ ತಾನೇ ದಾರಿ ಇಟ್ಟಿದೆ. ಶಾಲೆಯಲ್ಲೂ ಅಂಥ ದಾರಿ ಬೇಕು. ನಮ್ಮ ಹುಡುಗನಿಗೆ ಹೇಳಬೇಕು ಅಂತ ಒಂದು ಕ್ಷಣ ಅನಿಸಿತ್ತಂತೆ. 'ಹೇಳಿದ್ರ ಹೊಡೀತಿದ್ರು ಮಾಮಾ' ಅಂದ.

ಕೊನೆಯದು ಈ ಹುಡುಗನದು. ಅವನ ವಿವರವನ್ನು ಬೇರೆ ಲಕೋಟೆಯಲ್ಲಿ ನಿಮ್ಮ ಕಚೇರಿಗೆ ಕೊಡುತ್ತಿದ್ದೇನೆ. ಅವನ ಕೈಯಲ್ಲಿ ಬರೆಸಿದ ಆ ಪತ್ರವನ್ನೂ ಒತ್ತಾಯದ ಟಿ.ಸಿ. ಅರ್ಜಿಯನ್ನೂ ರದ್ದು ಮಾಡಿಸಿ. ನಡತೆಯ ಆ ಸಾಲು ತೆಗೆಸಿ. ವಿಡಿಯೋ ಅಳಿಸಲು ಶಾಲೆಯವರೇ ಅದೇ ಗ್ರೂಪಿನಲ್ಲಿ ಕೇಳಿಕೊಳ್ಳಲಿ. ವಾರ್ಷಿಕ ಪರೀಕ್ಷೆಗೆ ಮೊದಲು ಅವನು ತನ್ನ ತರಗತಿಯಲ್ಲಿ ಕೂರಬೇಕು. ತಪ್ಪಿದ ಪಾಠ ಓದಿಸುವುದು ನನ್ನ ಜವಾಬ್ದಾರಿ. ಶಾಲೆ ಯಾವ ಕೆಲಸ ಕೊಟ್ಟರೂ ಅವನು ಮಾಡುತ್ತಾನೆ, ಅದಕ್ಕೆ ನಾನು ಹೊಣೆ.

ನಿಯಮಗಳ ಒಂದು ಪುಟದ ಕರಡು ಟೈಪ್ ಮಾಡಿ ಈ ಪತ್ರದ ಜೊತೆ ಇಟ್ಟಿದ್ದೇನೆ. ತಿದ್ದಿ, ಕಡಿಮೆ ಮಾಡಿ, ಬೇಕಾದ್ದು ಸೇರಿಸಿ. ನೀವು ಒಪ್ಪಿದರೆ, ಸಿಂಧನೂರು ತಾಲ್ಲೂಕಿನ ಯಾವ ಶಾಲೆಯವರು ಬಂದರೂ ಅದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿ, ಲ್ಯಾಮಿನೇಷನ್ ಮಾಡಿ ಕೊಡುತ್ತೇನೆ. ದುಡ್ಡು ಬೇಡ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿದ್ಯಾರ್ಥಿಯ ಸೋದರಮಾವ,
ಸಿಂಧನೂರು, ರಾಯಚೂರು ಜಿಲ್ಲೆ